ಸರ್ವಿಸ್ ಮಾಡಿಸಿದ ಮರುದಿನದ ಸಪ್ಪಳ

ಯಾದಗಿರಿ ಬಿಟ್ಟು, ಭೀಮಾ ನದಿಯ ಸೇತುವೆ ದಾಟಿ, ಶಹಾಪುರದ ರಸ್ತೆಯಲ್ಲಿ ಕಾರು ಇನ್ನೇನು ವೇಗ ಹಿಡಿಯಬೇಕು ಎನ್ನುವಾಗ ಆ ಸಪ್ಪಳ ಶುರುವಾಯಿತು. ಬಾನೆಟ್ಟಿನ ಒಳಗಿನಿಂದ ‘ಚಟ್ ಚಟ್ ಚಟ್’ ಅಂತ. ಆಕ್ಸಿಲರೇಟರ್ ಒತ್ತಿದರೆ ಜೋರು, ಕಾಲು ತೆಗೆದರೆ ಮೆಲ್ಲಗೆ. ಹಿಂದಿನ ದಿನ ಸಂಜೆಯಷ್ಟೇ ಸರ್ವಿಸ್ ಮಾಡಿಸಿ ತಂದ ಗಾಡಿ. ಗ್ಯಾರೇಜಿಗೆ ಹೋಗುವಾಗ ಈ ಸಪ್ಪಳ ಇರಲೇ ಇಲ್ಲ.

ಗಾಡಿ ಎಂದರೆ ನಮ್ಮ 1997ರ ಮಾರುತಿ 800. ಬ್ಯಾಂಕಿನವರು ಸಿಬ್ಬಂದಿಗೆ ಕೊಡುವ ವಾಹನ ಸಾಲದಲ್ಲಿ ಕೊಂಡದ್ದು. ಆಗ ಯಾದಗಿರಿ ಇನ್ನೂ ಗುಲ್ಬರ್ಗಾ ಜಿಲ್ಲೆಯ ಒಂದು ತಾಲ್ಲೂಕು, ಹಾಗಾಗಿ ನಂಬರ್ ಪ್ಲೇಟಿನ ಮೇಲೆ ಇವತ್ತಿಗೂ ಕೆಎ 32 ಇದೆ. ಜಿಲ್ಲೆ ಬೇರೆಯಾಗಿ ಊರಿನ ಹೊಸ ಗಾಡಿಗಳಿಗೆಲ್ಲ ಕೆಎ 33 ಬಂದರೂ ನಮ್ಮದು ಹಳೆಯ ಜಿಲ್ಲೆಯ ಪ್ರಜೆಯಾಗಿಯೇ ಉಳಿದಿದೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಿ ನೋಂದಣಿ ನವೀಕರಿಸಿಕೊಂಡು ಬಂದಿದ್ದೇನೆ. ಮಾರಿಬಿಡಿ ಎಂದು ಮಗ ಹೇಳುತ್ತಾನೆ. ಅವನಿಗೆ ಅದರ ಎಂಜಿನ್ನಿನ ದನಿ ಗೊತ್ತಿಲ್ಲ, ನನಗೆ ಗೊತ್ತು.

ಅವತ್ತು ಸುರಪುರದಲ್ಲಿ ನನ್ನ ತಂಗಿಯ ಮಗಳ ಕುಬಸ. ಮುಂದಿನ ಸೀಟಿನಲ್ಲಿ ಮನೆಯವರು, ಅವರ ತೊಡೆಯ ಮೇಲೆ ಉಡಿ ತುಂಬುವ ಸಾಮಾನಿನ ಬುಟ್ಟಿ. ಹಿಂದೆ ಆರನೇ ತರಗತಿಯ ಮೊಮ್ಮಗಳು. ಸಪ್ಪಳ ಕೇಳಿಯೂ ಕೇಳದವನ ಹಾಗೆ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿದೆ. ತನ್ನಷ್ಟಕ್ಕೆ ತಾನೇ ಹೋಗಿಬಿಡಲಿ ಎನ್ನುವ ಆಸೆ ಇಂಥ ಹೊತ್ತಿನಲ್ಲಿ ಯಾರಿಗಾದರೂ ಬರುತ್ತದೆ. ಹೋಗಲಿಲ್ಲ. ದೋರನಹಳ್ಳಿ ಹತ್ತಿರ ಬಂದಾಗ ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಲ್ಲಿಸಿದೆ.

ನಿಲ್ಲಿಸಿ ಮೊದಲು ಮಾಡಿದ ಕೆಲಸ ಬಾನೆಟ್ ತೆಗೆದದ್ದಲ್ಲ, ಫೋನ್ ತೆಗೆದದ್ದು. ಗ್ಯಾರೇಜಿನ ಮಾಲೀಕರಿಗೆ ಬಾಯಿಗೆ ಬಂದ ಹಾಗೆ ಅಂದೆ. ಚೆನ್ನಾಗಿದ್ದ ಗಾಡಿ ಕೆಡಿಸಿ ಕೊಟ್ಟಿರಿ, ರೊಕ್ಕ ತಗೊಂಡು ಇದೇನು ಕೆಲಸ, ಹೆಂಗಸರು ಮಕ್ಕಳನ್ನು ಕರಕೊಂಡು ನಡುದಾರಿಯಲ್ಲಿ ನಿಂತಿದ್ದೇನೆ, ನಿಮ್ಮ ಹುಡುಗನಿಗೆ ಪಾನಾ ಹಿಡಿಯಲು ಬರುತ್ತದೋ ಇಲ್ಲವೋ ಅಂತೆಲ್ಲ. ಅವರು ಶಾಂತವಾಗಿ, “ಹುಡುಗನ್ನ ಕೇಳ್ತೀನ್ರಿ ಸರ” ಎಂದರು. ಫೋನ್ ಇಟ್ಟೆ. ಮನಸ್ಸು ಹಗುರಾಯಿತು. ಸಪ್ಪಳ ಮಾತ್ರ ಇದ್ದ ಹಾಗೇ ಇತ್ತು.

ಆಗ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು. “ಮುತ್ಯಾ, ಗಾಡಿ ನಿಂತಾಗನೂ ಬರ್ತದೇನು?”

ಬರುತ್ತಿತ್ತು. ಎಂಜಿನ್ ಚಾಲೂ ಇಟ್ಟು ಗಾಡಿ ನಿಲ್ಲಿಸಿದ್ದರೂ ಬರುತ್ತಿತ್ತು. ಅಂದರೆ ಗಾಲಿಯದ್ದಲ್ಲ, ಬ್ರೇಕಿನದ್ದಲ್ಲ. ಕ್ಲಚ್ ಒತ್ತಿ ಹಿಡಿದೆ, ವ್ಯತ್ಯಾಸವಿಲ್ಲ. ಅಂದರೆ ಗೇರ್‌ಬಾಕ್ಸಿನ ಕಡೆ ಅನುಮಾನ ಕಡಿಮೆ. ಎಂಜಿನ್ನಿನ ಸುತ್ತು ಹೆಚ್ಚಿದಷ್ಟೂ ಚಟ್ ಚಟ್ ಹತ್ತಿರ ಹತ್ತಿರ ಆಗುತ್ತಿತ್ತು. ಹುಡುಗಿ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಇದನ್ನೆಲ್ಲ ಬರೆದುಕೊಳ್ಳತೊಡಗಿದಳು. ಆಮೇಲೆ ಕಿವಿ ಅರಳಿಸಿಕೊಂಡು, “ಚಟ್ ಅಂದಾಗೆಲ್ಲ ಅದರ ಬೆನ್ನಿಗೇ ಉಸ್ ಅಂತದ” ಎಂದಳು.

ನನಗೆ ಆ ‘ಉಸ್’ ಕೇಳಲೇ ಇಲ್ಲ. ಮನೆಯವರಿಗೂ ಇಲ್ಲ. ವಯಸ್ಸಾದ ಹಾಗೆ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ, ಚೂಪು ದನಿಗಳನ್ನೇ. ಮಕ್ಕಳ ಕಿವಿಗೆ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನದವರೆಗಿನ ಶಬ್ದ ಕೇಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ನಮ್ಮಂಥ ಎಪ್ಪತ್ತು ದಾಟಿದವರಿಗೆ ಅದರ ಅರ್ಧವೂ ಅನುಮಾನ. ಗಾಡಿಯಲ್ಲಿ ಏನಾದರೂ ಹೊಸ ಸಪ್ಪಳ ಬಂದರೆ ಮನೆಯಲ್ಲಿ ಚಿಕ್ಕವರನ್ನು ಕರೆದು ಕೇಳಿಸಿ. ಅವರು ಹೇಳುವುದನ್ನು ‘ಸುಮ್ಮನಿರು’ ಎಂದು ತಳ್ಳಿಹಾಕಬೇಡಿ. ನಾನು ತಳ್ಳಿಹಾಕಿದ್ದೆ.

ಬಾನೆಟ್ ತೆಗೆಯುವ ಮೊದಲು ಎರಡು ಸಂಗತಿ ನೋಡಿದೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಉರಿಯುತ್ತಿದೆಯೇ? ಇಲ್ಲ. ಶಾಖದ ಮುಳ್ಳು ಮೇಲೆ ಹೋಗಿದೆಯೇ? ಅದೂ ಇಲ್ಲ. ಈ ಎರಡರಲ್ಲಿ ಒಂದು ಆಗಿದ್ದರೂ ಗಾಡಿಯನ್ನು ಅಲ್ಲಿಯೇ ಬಂದ್ ಮಾಡಿ, ಎಳೆದುಕೊಂಡು ಹೋಗುವ ವ್ಯವಸ್ಥೆ ನೋಡಬೇಕಿತ್ತು. ಎಣ್ಣೆಯ ಒತ್ತಡ ಇಲ್ಲದೆ ಎಂಜಿನ್ ಓಡಿದರೆ ಕೆಲವೇ ನಿಮಿಷಗಳಲ್ಲಿ ಒಳಗಿನ ಬೇರಿಂಗ್ ಸವೆದು ಹೋಗುತ್ತದೆ. ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ನೋಡಿದೆ. ಎಣ್ಣೆ ಎರಡು ಗುರುತುಗಳ ನಡುವೆ, ಹೊಸ ಜೇನಿನ ಬಣ್ಣದಲ್ಲಿ ಇತ್ತು. ಗಾಡಿ ನಿಂತ ಜಾಗದಲ್ಲಿ ನೆಲದ ಮೇಲೆ ತೊಟ್ಟು ಬಿದ್ದಿರಲಿಲ್ಲ. ಆಯಿಲ್ ಫಿಲ್ಟರ್ ಸಡಿಲ ಇದ್ದರೆ, ಕೆಳಗಿನ ಡ್ರೇನ್ ಬೋಲ್ಟ್ ಬಿಗಿ ಮಾಡುವುದು ಮರೆತಿದ್ದರೆ ಅದು ನೆಲದ ಮೇಲೆ ತೋರುತ್ತದೆ.

ಇಲ್ಲಿ ನನ್ನ ಹಳೆಯ ಕೆಲಸದ ಮಾತು ಸ್ವಲ್ಪ ಹೇಳಬೇಕು. ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ಸಂಜೆಯ ಲೆಕ್ಕ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ನಿನ್ನೆ ಸಂಜೆ ಲೆಕ್ಕ ಕೂಡಿತ್ತು, ಇವತ್ತು ಕೂಡುತ್ತಿಲ್ಲ ಎಂದರೆ ತಪ್ಪು ಇರುವುದು ಇವತ್ತಿನ ವೋಚರುಗಳಲ್ಲಿ. ಹತ್ತು ವರ್ಷದ ಲೆಡ್ಜರ್ ತಿರುವಿ ಹಾಕುವವನು ದಡ್ಡ. ಇನ್ನೂ ಒಂದು ಗುಟ್ಟಿತ್ತು. ಬಂದ ವ್ಯತ್ಯಾಸವನ್ನು ಎರಡರಿಂದ ಭಾಗಿಸಿ ನೋಡುತ್ತಿದ್ದೆವು. ಆ ಅರ್ಧ ಮೊತ್ತದ ವೋಚರ್ ಸಿಕ್ಕಿದರೆ ಜಮಾ ಆಗಬೇಕಾದದ್ದು ಖರ್ಚಿನ ಕಡೆ ಬಿದ್ದಿದೆ ಎಂದು ಅರ್ಥ. ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ ಅಂಕಿ ಅದಲುಬದಲು ಆಗಿರುವ ಸಂಶಯ. 7,210 ಎಂದು ಬರೆಯುವ ಕಡೆ 2,710 ಬರೆದರೆ ವ್ಯತ್ಯಾಸ 4,500. ಅದು ಒಂಬತ್ತರ ಐನೂರು ಪಟ್ಟು. ಮಕ್ಕಳು ಬೇರೆ ಯಾವ ಸಂಖ್ಯೆಯನ್ನಾದರೂ ಹೀಗೆ ಅದಲುಬದಲು ಮಾಡಿ ಕಳೆದು ನೋಡಬಹುದು, ಪ್ರತಿ ಸಲವೂ ಒಂಬತ್ತರಿಂದ ಭಾಗವಾಗುತ್ತದೆ. ವ್ಯತ್ಯಾಸದ ಗುಣವೇ ತಪ್ಪಿನ ಜಾಗವನ್ನು ತೋರಿಸುತ್ತದೆ.

ಗಾಡಿಗೂ ಇದೇ ಲೆಕ್ಕ ಹಾಕಬಹುದು ಎಂದು ಆ ಬೇವಿನ ಮರದ ಕೆಳಗೆ ಹೊಳೆಯಿತು, ಫೋನ್ ಮಾಡಿ ಕೂಗಾಡಿದ ಮೇಲೆ. ಜೇಬಿನಲ್ಲಿ ಗ್ಯಾರೇಜಿನ ಬಿಲ್ ಇತ್ತು. ಅದೇ ನಮ್ಮ ‘ಇವತ್ತಿನ ವೋಚರ್’. ಅದರಲ್ಲಿ ಬರೆದಿದ್ದು ಇಷ್ಟು: ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಮೂರು, ಬೆಲ್ಟ್ ಬಿಗಿ. ಐದೇ ಕೆಲಸ. ಸಪ್ಪಳ ಈ ಐದರಲ್ಲಿ ಒಂದರದ್ದಾಗಿರುವ ಸಂಭವವೇ ಹೆಚ್ಚು. ಎಣ್ಣೆ, ಫಿಲ್ಟರ್ ನೋಡಿಯಾಗಿತ್ತು. ಉಳಿದದ್ದು ಮೂರು.

ಮುಂದೆ ಶಹಾಪುರದವರೆಗೆ ನಿಧಾನವಾಗಿ, ಎಂಜಿನ್ನಿಗೆ ಭಾರ ಕೊಡದೆ ಓಡಿಸಿದೆ. ಅದೂ ಪೂರ್ತಿ ಸರಿಯಾದ ನಿರ್ಧಾರವಲ್ಲ ಎಂದು ಆಮೇಲೆ ತಿಳಿಯಿತು. ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟ ಬಂದಾಗ ಪ್ರತಿ ಸಲ ‘ನೋಡಲ್ಲಿ’ ಎನ್ನುತ್ತಿದ್ದವನು ಆ ದಿನ ರಸ್ತೆ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ.

ಶಹಾಪುರದಲ್ಲಿ ಒಂದು ಹಳೆಯ ತಗಡಿನ ಶೆಡ್ಡು. ಮಿಸ್ತ್ರಿ ನನ್ನಷ್ಟೇ ವಯಸ್ಸಾದವರು. ಎಂಜಿನ್ ಬಿಚ್ಚುವ ಮಾತೇ ಆಡದೆ ಮೊದಲು ಕೇಳಿದ್ದು, “ಏನೇನು ಮುಟ್ಟ್ಯಾರ್ರಿ ಸಾಹೇಬ್ರ?” ಬಿಲ್ ಕೊಟ್ಟೆ. ಮೊಮ್ಮಗಳು ನೋಟ್‌ಬುಕ್ ಓದಿದಳು: ನಿಂತಾಗಲೂ ಬರುತ್ತದೆ, ಕ್ಲಚ್ಚಿಗೆ ಸಂಬಂಧವಿಲ್ಲ, ಸುತ್ತಿನ ಜೊತೆ ಏರುತ್ತದೆ, ಚಟ್ ಆದ ಮೇಲೆ ಉಸ್. ‘ಉಸ್’ ಎನ್ನುವ ಮಾತಿಗೆ ಮಿಸ್ತ್ರಿ ತಲೆ ಎತ್ತಿ ಅವಳನ್ನು ನೋಡಿದರು. “ಭೇಷ್” ಎಂದರು.

ಆಮೇಲೆ ಒಂದು ಮೊಳ ಉದ್ದದ ಪೇಚ್‌ಕಸ್ ತೆಗೆದುಕೊಂಡು, ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಕೆಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡರು. ಉಕ್ಕಿನಲ್ಲಿ ಶಬ್ದ ಗಾಳಿಗಿಂತ ಹದಿನೈದು ಪಟ್ಟಿನಷ್ಟು ವೇಗವಾಗಿ ಸಾಗುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. ವೇಗಕ್ಕಿಂತ ಮುಖ್ಯವಾದದ್ದು ಎಂದರೆ, ಪೇಚ್‌ಕಸ್ಸಿನ ತುದಿ ಎಲ್ಲಿ ಇದೆಯೋ ಅಲ್ಲಿಯ ಸಪ್ಪಳ ಎದ್ದು ಕೇಳುತ್ತದೆ, ಉಳಿದದ್ದು ಹಿಂದೆ ಸರಿಯುತ್ತದೆ. ಮಿಸ್ತ್ರಿ ಅದನ್ನು ಆಲ್ಟರ್ನೇಟರಿನ ಮೇಲಿಟ್ಟರು, ವಾಟರ್ ಪಂಪಿನ ಮೇಲಿಟ್ಟರು, ಟ್ಯಾಪೆಟ್ ಕವರಿನ ಉದ್ದಕ್ಕೂ ಇಟ್ಟರು. ನನ್ನ ಕಿವಿಗೂ ಕೊಟ್ಟರು. ಟ್ಯಾಪೆಟ್ ಕವರಿನ ಕೆಳಗೆ ಹೊಲಿಗೆ ಯಂತ್ರದ ಹಾಗೆ ಸಣ್ಣಗೆ, ಒಂದೇ ಸಮನೆ ಟಿಕ್ ಟಿಕ್. “ಇದು ಇರಬೇಕಾದ ಸಪ್ಪಳ. ಇದನ್ನ ಬಂದ್ ಮಾಡಾಕ ಹೋಗಿ ಟ್ಯಾಪೆಟ್ ಬಿಗಿ ಮಾಡಿದ್ರ ವಾಲ್ವ್ ಸುಟ್ಟು ಹೋಗ್ತಾವ” ಎಂದರು.

ನನಗೆ ನಮ್ಮೂರ ರೈಲ್ವೆ ಸ್ಟೇಷನ್ ನೆನಪಾಯಿತು. ಮುಂಬೈಯಿಂದ ಬರುವ ಹಳಿ, ಮದ್ರಾಸಿನಿಂದ ಬರುವ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದಾರಿಯ ಮೇಲೆ ಯಾದಗಿರಿ ಇದೆ. ಹಿಂದೆ ರೈಲು ನಿಂತಾಗ ಒಬ್ಬ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದು ಗಾಲಿಗೂ ತಟ್ಟುತ್ತ ಹೋಗುವುದು ರೂಢಿ. ಗಟ್ಟಿ ಗಾಲಿ ಗಂಟೆಯ ಹಾಗೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡೆದ ಗಡಿಗೆಯ ಹಾಗೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ನಮ್ಮ ಹೆಣ್ಣುಮಕ್ಕಳಿಗೂ ಇದು ಗೊತ್ತು. ವೈದ್ಯರ ಸ್ಟೆತೊಸ್ಕೋಪ್ ಹುಟ್ಟಿದ್ದೂ ಇಂಥದ್ದೇ ಸರಳ ಉಪಾಯದಿಂದ. 1816ರಲ್ಲಿ ಪ್ಯಾರಿಸ್ಸಿನಲ್ಲಿ ಲೆನೆಕ್ ಎನ್ನುವ ವೈದ್ಯ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗೆ ಒಂದು ತುದಿ, ತನ್ನ ಕಿವಿಗೆ ಒಂದು ತುದಿ ಇಟ್ಟು ಕೇಳಿದ. ಬರಿಯ ಕಿವಿಗಿಂತ ಸ್ಪಷ್ಟವಾಗಿ ಎದೆಬಡಿತ ಕೇಳಿತು. ಆಮೇಲೆ ಅವನು ಅದನ್ನು ಕಟ್ಟಿಗೆಯಲ್ಲಿ ಮಾಡಿಸಿಕೊಂಡ.

ಮಿಸ್ತ್ರಿಯ ಬಳಿಯೂ ಅಂಥ ಒಂದು ಸಾಧನ ಇತ್ತು, ಒಂದೂವರೆ ಮೊಳದ ರಬ್ಬರ್ ಪೈಪು. ಗಾಳಿ ಸೋರುವ ಸಪ್ಪಳಕ್ಕೆ ಪೇಚ್‌ಕಸ್ ಬೇಡ, ಪೈಪೇ ಬೇಕು ಎಂದರು. ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಏನನ್ನೂ ಮುಟ್ಟದ ಹಾಗೆ ಒಂದೊಂದು ಪ್ಲಗ್ಗಿನ ಹತ್ತಿರ ಹಿಡಿದರು. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದರ ಹತ್ತಿರ ಹೋದ ಕೂಡಲೇ ನಕ್ಕು, ಪೈಪನ್ನು ಮೊಮ್ಮಗಳ ಕಿವಿಗೆ ಕೊಟ್ಟರು. ಅವಳ ಕಣ್ಣು ಅರಳಿತು. “ಇದೇ ಉಸ್!”

ಮೂರನೆಯ ಪ್ಲಗ್ ಸಡಿಲವಿತ್ತು. ಅಷ್ಟೇ.

ಏನಾಗುತ್ತಿತ್ತು ಎಂದರೆ, ಸಿಲಿಂಡರಿನ ಒಳಗೆ ಪಿಸ್ಟನ್ ಮೇಲೆ ಬಂದು ಗಾಳಿ ಮತ್ತು ಪೆಟ್ರೋಲನ್ನು ಒತ್ತಿ ಹಿಡಿಯುತ್ತದೆ, ಕಿಡಿ ಹಾರಿ ಸ್ಫೋಟವಾಗುತ್ತದೆ. ಆ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳಬೇಕು. ಪ್ಲಗ್ಗಿನ ವಾಷರ್ ಬಿಗಿಯಾಗಿ ಕೂತಿರದಿದ್ದರೆ ಸ್ವಲ್ಪ ಒತ್ತಡ ಮರೆಯ ಸುತ್ತಲಿಂದ ಹೊರಗೆ ಚಿಮ್ಮುತ್ತದೆ. ಅದೇ ಚಟ್, ಅದೇ ಉಸ್. ನಮ್ಮ ಗಾಡಿಯಲ್ಲಿ ಮೂರು ಸಿಲಿಂಡರ್. ಒಂದೊಂದೂ ಎಂಜಿನ್ ಎರಡು ಸುತ್ತು ಸುತ್ತಿದಾಗ ಒಂದು ಸಲ ಉರಿಯುತ್ತದೆ. ಗಾಡಿ ನಿಂತಿರುವಾಗ ಎಂಜಿನ್ ನಿಮಿಷಕ್ಕೆ 900 ಸುತ್ತು ಎಂದು ಹಿಡಿಯಿರಿ. ಒಂದು ಸಿಲಿಂಡರಿನಿಂದ ನಿಮಿಷಕ್ಕೆ 450 ಸಲ, ಅಂದರೆ ಸೆಕೆಂಡಿಗೆ ಏಳೆಂಟು ಚಟ್. ಮೂರೂ ಪ್ಲಗ್ ಸಡಿಲವಿದ್ದಿದ್ದರೆ ಸೆಕೆಂಡಿಗೆ ಇಪ್ಪತ್ತೆರಡು; ಆಗ ಚಟ್ ಚಟ್ ಕೇಳುತ್ತಿರಲಿಲ್ಲ, ಬರ್‍ರ್ ಎನ್ನುತ್ತಿತ್ತು. ಸಂಜೆ ಸುರಪುರದಿಂದ ಬರುವಾಗ ಮೊಮ್ಮಗಳಿಗೆ ಈ ಲೆಕ್ಕ ಮಾಡಿಸಿದೆ. ಅವಳು ನನಗಿಂತ ಮೊದಲು ಮುಗಿಸಿದಳು.

ಬಿಗಿ ಮಾಡುವುದು ಒಂದು ನಿಮಿಷದ ಕೆಲಸ. ಆದರೆ ಮಿಸ್ತ್ರಿ ಮುಟ್ಟಲಿಲ್ಲ. ಎಂಜಿನ್ನಿನ ತಲೆಭಾಗ ಅಲ್ಯೂಮಿನಿಯಂ. ಬಿಸಿ ಇರುವಾಗ ಪ್ಲಗ್ ತಿರುಗಿಸಿದರೆ ಮರೆ ಕಿತ್ತು ಬರಬಹುದು. ಒಂದು ತಾಸು ಕಾಯಿರಿ ಎಂದರು. ಚಹಾ ತರಿಸಿದರು. ಆರಿದ ಮೇಲೆ ಪ್ಲಗ್ ಪೂರ್ತಿ ಬಿಚ್ಚಿ, ಮರೆ ನೋಡಿ, ಮತ್ತೆ ಕೈಯಿಂದಲೇ ವಾಷರ್ ತಾಗುವವರೆಗೆ ತಿರುಗಿಸಿದರು. ಆಮೇಲೆ ಪಾನಾದಿಂದ ಅರ್ಧ ಸುತ್ತು. ಹೊಸ ವಾಷರ್ ಇದ್ದರೆ ಅಷ್ಟು, ಹಳೆಯದಕ್ಕೆ ಅದಕ್ಕಿಂತ ಬಹಳ ಕಡಿಮೆ. ಶಕ್ತಿ ತೋರಿಸಿ ಬಿಗಿ ಮಾಡಿದರೂ ಅಪಾಯವೇ. ಸಡಿಲ ಪ್ಲಗ್ಗಿನ ಮೇಲೆ ಹೀಗೆಯೇ ಓಡಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಪ್ಲಗ್ಗಿನ ಶಾಖ ಇಳಿಯುವುದು ಆ ಮರೆ ಮತ್ತು ವಾಷರಿನ ಮೂಲಕವೇ. ಸಡಿಲವಿದ್ದರೆ ಪ್ಲಗ್ ಕೆಂಪಗೆ ಕಾಯುತ್ತದೆ, ಕೊನೆಗೆ ಮರೆಯನ್ನೂ ಕಿತ್ತುಕೊಂಡು ಹೊರಗೆ ಹಾರಬಹುದು. ಆಗ ಹೆಡ್ ಬಿಚ್ಚುವ ಖರ್ಚು. “ದೋರನಹಳ್ಳ್ಯಾಗೇ ನಿಲ್ಲಿಸಿ ಫೋನ್ ಮಾಡಬೇಕಿತ್ರಿ” ಎಂದರು.

ಆ ಒಂದು ತಾಸಿನಲ್ಲಿ ಮಿಸ್ತ್ರಿ ಹೇಳಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ. ಸರ್ವಿಸ್ ಆದ ಮೇಲೆ ಬರುವ ಸಪ್ಪಳಗಳಲ್ಲಿ ಬಹಳಷ್ಟು ಇಂಥ ಸಣ್ಣ ಕಾರಣದವೇ. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಕೀಂಯ್ ಎಂದು ಕಿರುಚಿ ಆಮೇಲೆ ಸುಮ್ಮನಾದರೆ ಬೆಲ್ಟ್ ಸಡಿಲ, ಇಲ್ಲವೇ ಅದರ ಮೇಲೆ ಎಣ್ಣೆ ಬಿದ್ದಿದೆ. ಬೆಲ್ಟ್ ಅತಿ ಬಿಗಿಯಾದರೆ ಕಿರುಚುವುದಿಲ್ಲ, ಗುಂಯ್ ಎಂದು ಸಣ್ಣಗೆ ಅಳುತ್ತದೆ, ಬೇರಿಂಗ್ ತಿನ್ನುತ್ತದೆ. ಏರ್ ಫಿಲ್ಟರಿನ ಡಬ್ಬಿಯ ಕ್ಲಿಪ್ ಹಾಕಿರದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಬಾಯಿಂದ ಗಾಳಿ ಎಳೆದುಕೊಂಡ ಹಾಗೆ ಹೂಂಕರಿಸುತ್ತದೆ. ನಮ್ಮ ಕಡೆಯ ಧೂಳಿನಲ್ಲಿ ಅದನ್ನು ಹಾಗೇ ಬಿಡಬಾರದು, ಸೋಸದ ಧೂಳು ನೇರ ಎಂಜಿನ್ನಿಗೆ ಹೋಗುತ್ತದೆ. ಒಂದೇ ಒಂದು ಸುತ್ತಿನ ವೇಗದಲ್ಲಿ ಮಾತ್ರ ಝಣಝಣ ಎಂದು ಆಮೇಲೆ ನಿಂತುಹೋದರೆ ಯಾವುದೋ ತಗಡು ಸಡಿಲ. ಸೈಲೆನ್ಸರ್ ಪೈಪಿನ ಮೇಲಿನ ಶಾಖದ ತಗಡು, ಕೆಳಗಿನ ಗಾರ್ಡ್ ಯಾವುದಾದರೂ ಇರಬಹುದು. ಎಣ್ಣೆ ಕಡಿಮೆಯಾದರೆ ಮೇಲಿನಿಂದ ಟ್ಯಾಪೆಟ್ ಬಡಿಯುತ್ತದೆ. ಗುರುತಿಗಿಂತ ಬಹಳ ಹೆಚ್ಚಾದರೂ ತೊಂದರೆ, ಕ್ರ್ಯಾಂಕು ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ.

ಹೆದರಬೇಕಾದ ಸಪ್ಪಳ ಒಂದೇ ಎಂದರು. ಕೆಳಗಿನಿಂದ, ಆಳದಿಂದ ಬರುವ ‘ಧಡ್ ಧಡ್’. ಮುಚ್ಚಿದ ಬಾಗಿಲನ್ನು ಮುಷ್ಟಿಯಿಂದ ಗುದ್ದಿದ ಹಾಗೆ. ಅದು ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋದದ್ದು. ಆಗ ಕಾರ್ಯಕ್ರಮ ಇರಲಿ, ಮದುವೆಯೇ ಇರಲಿ, ಕೀಲಿ ತಿರುಗಿಸಿ ಬಂದ್ ಮಾಡಬೇಕು.

ಮಕ್ಕಳಿಗೆ ಒಂದು ಮಾತು. ಬಾನೆಟ್ ತೆಗೆದಾಗ ದೂರ ನಿಂತೇ ಕೇಳಿ. ತಿರುಗುವ ಬೆಲ್ಟಿಗೆ ಲಂಗದ ಅಂಚು, ವೇಲಿನ ತುದಿ ಸಿಕ್ಕರೆ ಎಳೆದುಕೊಳ್ಳುತ್ತದೆ. ರೇಡಿಯೇಟರಿನ ಫ್ಯಾನು ವಿದ್ಯುತ್ತಿನದು, ಸುಮ್ಮನೆ ನಿಂತದ್ದು ಥಟ್ಟನೆ ತಿರುಗಲು ಶುರು ಮಾಡುತ್ತದೆ. ಪ್ಲಗ್ಗಿನ ತಂತಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ನಮ್ಮ ಹುಡುಗಿಗೆ ಪೈಪು ಕೊಟ್ಟಾಗ ಮಿಸ್ತ್ರಿ ಅವಳ ಭುಜ ಹಿಡಿದುಕೊಂಡೇ ಇದ್ದರು.

ಮೂರನೆಯ ಪ್ಲಗ್ ಬಿಗಿಯಾಗಿ ಎಂಜಿನ್ ಹಳೆಯ ದನಿಗೆ ಮರಳಿದಾಗ ನಾನು ಸಹಜವಾಗಿಯೇ, “ಆ ಹುಡುಗನಿಗೆ ಕೆಲಸ ಬರಲ್ಲ ನೋಡ್ರಿ” ಎಂದೆ. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, “ಹಂಗಲ್ಲ ಸಾಹೇಬ್ರ. ಕೆಲಸ ಬರದವಗ ಮೂರೂ ಸಡಿಲ ಇರ್ತಾವ, ಇಲ್ಲಾ ಮೂರೂ ಕೆಟ್ಟು ಬಿಗಿ ಇರ್ತಾವ. ಎರಡು ಸರಿ ಅದಾವ, ಒಂದು ಕೈಬಿಗಿಗೆ ನಿಂತದ. ಹುಡುಗನ್ನ ನಡುವ ಯಾರೋ ಕರೆದಾರ” ಎಂದರು.

ನನ್ನ ಬಾಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಕರೆದವನು ನಾನೇ.

ಹಿಂದಿನ ದಿನ ಸಂಜೆ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಸಿಕೊಂಡು ಗಾಡಿಯ ಪಕ್ಕದಲ್ಲೇ ಕೂತಿದ್ದೆ. ಹುಡುಗ ಹತ್ತೊಂಬತ್ತು ಇಪ್ಪತ್ತರವನು, ಐಟಿಐ ಮುಗಿಸಿ ಸೇರಿದವನು, ಬಗ್ಗಿ ಪ್ಲಗ್ ಹಾಕುತ್ತಿದ್ದ. ನಾನು, “ತಮ್ಮಾ, ನಾಳಿ ದೂರ ಹೋಗೋದದ, ಡಿಕ್ಕ್ಯಾಗಿನ ಸ್ಟೆಪ್ನಿಗೆ ಗಾಳಿ ಅದನೋ ಇಲ್ಲೋ ನೋಡು” ಎಂದೆ. “ಇದು ಮುಗಿಸಿ ನೋಡ್ತೀನ್ರಿ” ಎಂದ. “ಈಗೇ ನೋಡೋ, ಮರೀತಿ” ಎಂದೆ. ಪಾನಾ ಕೆಳಗಿಟ್ಟು ಹೋದ. ಗಾಳಿ ಹಾಕಿ ಬಂದು, ಮೂರೂ ಪ್ಲಗ್ಗಿನ ಮೇಲೆ ಟೋಪಿ ಸಿಕ್ಕಿಸಿ ಬಾನೆಟ್ ಹಾಕಿದ.

ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವನು ನಾನು. ನೋಟು ಎಣಿಸುತ್ತಿರುವ ಕ್ಯಾಷಿಯರನ್ನು ಮಾತಾಡಿಸಬಾರದು ಎನ್ನುವುದು ಅಲ್ಲಿ ಸೇರಿದ ಮೊದಲ ವಾರವೇ ಕಲಿಯುವ ಪಾಠ. ನಮ್ಮ ಶಾಖೆಯ ಹಿರಿಯ ಕ್ಯಾಷಿಯರೊಬ್ಬರು ಎಣಿಕೆಯ ನಡುವೆ ಮ್ಯಾನೇಜರ್ ಕರೆದರೂ ತಲೆ ಎತ್ತುತ್ತಿರಲಿಲ್ಲ. ಅನಿವಾರ್ಯವಾಗಿ ಎದ್ದರೆ ಬಂದು ಮತ್ತೆ ಒಂದರಿಂದ ಎಣಿಸುತ್ತಿದ್ದರು. ಅದನ್ನು ನೋಡುತ್ತ ಬೆಳೆದವನು ಗ್ಯಾರೇಜಿನ ಹುಡುಗನ ಕೈಯನ್ನು ಎರಡಕ್ಕೆ ನಿಲ್ಲಿಸಿಬಿಟ್ಟಿದ್ದೆ.

ಶೆಡ್ಡಿನ ಹೊರಗೆ ಬಂದು ಮಾಲೀಕರಿಗೆ ಮತ್ತೆ ಫೋನ್ ಮಾಡಿದೆ. ಅವರು ಎತ್ತಿದ್ದು ಮೂರನೆಯ ಸಲಕ್ಕೆ. “ಅವನ್ನ ಮನಿಗೆ ಕಳಿಸೀನ್ರಿ ಸರ. ನಿಮ್ಮಂಥ ಹಳೇ ಗಿರಾಕಿ ಹಂಗಂದ ಮ್ಯಾಲೆ ಹೆಂಗ ಇಟ್ಕೊಳ್ಳಾಕ ಬರ್ತದ?” ಎಂದರು. ನಾನು ಪ್ಲಗ್ಗಿನ ವಿಷಯ, ಸ್ಟೆಪ್ನಿಯ ವಿಷಯ ಹೇಳತೊಡಗಿದೆ. ಅಲ್ಲಿ ಯಾವುದೋ ಗಾಡಿಯ ಗದ್ದಲ. ಆಮೇಲೆ ಮಾತಾಡೋಣ ಎಂದು ಇಟ್ಟರು.

ಸುರಪುರದ ಕುಬಸ ಚೆನ್ನಾಗಿ ಆಯಿತಂತೆ. ಹೋಳಿಗೆ ಬಡಿಸಿದ್ದರು. ಊಟವಾದ ಮೇಲೆ ಮಕ್ಕಳೆಲ್ಲ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲು ಹೋದರು. ನಾನು ಪಡಸಾಲೆಯಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಮನೆಯವರಿಗೆ ವಿಷಯ ಹೇಳಿದಾಗ ಅವರು ಬೈಯಲಿಲ್ಲ. “ಫೋನಿನ್ಯಾಗ ಹೋದ ಮಾತು ಫೋನಿನ್ಯಾಗ ವಾಪಸ್ ಬರೂದಿಲ್ಲ, ಹೋಗಿ ಹೇಳ್ರಿ” ಎಂದರು ಅಷ್ಟೇ.

ದೀಪ ಹಚ್ಚುವ ಹೊತ್ತಿಗೆ ಯಾದಗಿರಿ ಮುಟ್ಟಿ, ಮನೆಗೆ ಹೋಗದೆ ನೇರ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಅಲ್ಲಿ ಇನ್ನೂ ನಾಲ್ಕೈದು ಜನ ಇದ್ದರು. ಅವರೆಲ್ಲರ ಮುಂದೆಯೇ ನಡೆದದ್ದನ್ನು ಹೇಳಿದೆ. ಮಾಲೀಕರು, “ಹೋಗ್ಲಿ ಬಿಡ್ರಿ, ಅವಗೂ ಒಂದೀಟು ಬುದ್ಧಿ ಬರಲಿ” ಎಂದರು. ನಾನು ಕುರ್ಚಿ ಎಳೆದು ಕೂತೆ. ಹುಡುಗನಿಗೆ ಫೋನ್ ಮಾಡುವವರೆಗೆ ಏಳುವುದಿಲ್ಲ ಎಂದೆ. ವಯಸ್ಸಾದವರ ಹಟಕ್ಕೆ ಒಂದೊಂದು ಸಲ ಬೆಲೆ ಬರುತ್ತದೆ. ಅವರು ಫೋನ್ ಮಾಡಿದರು. ಮರುದಿನ ಹುಡುಗ ಕೆಲಸಕ್ಕೆ ಬಂದ. ನಾನು ಹೋಗಿ ಮಾತಾಡಿಸಿದೆ. ಅವನು ನೆಲ ನೋಡುತ್ತ, “ಬಿಗಿ ಮಾಡಿ ಹೋಗಬೇಕಿತ್ರಿ, ನನ್ನದೂ ತಪ್ಪದ” ಎಂದ. ಆ ‘ನನ್ನದೂ’ ಎನ್ನುವ ಮಾತಿನಲ್ಲಿ ನನ್ನ ಪಾಲನ್ನು ಅವನು ಸರಿಯಾಗಿಯೇ ಲೆಕ್ಕ ಹಾಕಿದ್ದ.

ಈಗ ಮನೆಯಲ್ಲಿ ಒಂದು ಹೊಸ ಪದ್ಧತಿ ಇದೆ. ಗಾಡಿ ಗ್ಯಾರೇಜಿಗೆ ಹೋಗುವ ದಿನ ಬೆಳಿಗ್ಗೆ ಮೊಮ್ಮಗಳು ಬಾನೆಟ್ ತೆಗೆಸಿ, ಮೂರು ಹೆಜ್ಜೆ ದೂರ ನಿಂತು ಎಂಜಿನ್ನಿನ ದನಿಯನ್ನು ಫೋನಿನಲ್ಲಿ ಒಂದು ನಿಮಿಷ ದಾಖಲು ಮಾಡುತ್ತಾಳೆ. ವಾಪಸ್ ತರುವಾಗ ಗ್ಯಾರೇಜಿನ ಅಂಗಳದಲ್ಲೇ, ಅದೇ ದೂರದಲ್ಲಿ ಇನ್ನೊಂದು ನಿಮಿಷ. ಎರಡನ್ನೂ ಕೇಳಿ ತಾಳೆ ಹಾಕಿದ ಮೇಲೆಯೇ ಬಿಲ್ ಕೊಡುವುದು. ಬಿಲ್ಲಿನಲ್ಲಿ ‘ಜನರಲ್ ಸರ್ವಿಸ್’ ಎಂದು ಒಂದೇ ಸಾಲು ಬರೆದರೆ ಒಪ್ಪುವುದಿಲ್ಲ, ಮುಟ್ಟಿದ್ದನ್ನೆಲ್ಲ ಬರೆಸುತ್ತೇನೆ. ಹಳೆಯ ಪ್ಲಗ್ಗು, ಫಿಲ್ಟರ್ ಕೇಳಿ ತರುತ್ತೇನೆ. ಹಳೆಯ ಪ್ಲಗ್ಗುಗಳು ಅವಳ ಪುಸ್ತಕದ ಕಪಾಟಿನಲ್ಲಿ ಸಾಲಾಗಿ ನಿಂತಿವೆ.

ಆರು ತಿಂಗಳ ನಂತರದ ಸರ್ವಿಸ್‌ಗೆ ಹೋದಾಗ ಅದೇ ಹುಡುಗ ಇದ್ದ. ಕುರ್ಚಿಯನ್ನು ನಾನೇ ಎತ್ತಿಕೊಂಡು ಹೋಗಿ ರಸ್ತೆ ಬದಿಗೆ ಹಾಕಿಕೊಂಡು ಪೇಪರ್ ಹಿಡಿದೆ. ಕಣ್ಣು ಮಾತ್ರ ಅವನ ಕೈಯ ಮೇಲಿತ್ತು. ಅವನು ಒಂದೊಂದು ಪ್ಲಗ್ ಬಿಗಿ ಮಾಡಿದ ಮೇಲೂ ಕಿವಿಯ ಸಂದಿನಿಂದ ಸೀಮೆಸುಣ್ಣ ತೆಗೆದು ಪಕ್ಕದಲ್ಲಿ ಒಂದು ಗುರುತು ಹಾಕುತ್ತಿದ್ದ, ನಾವು ವೋಚರಿನ ಮೇಲೆ ಕೆಂಪು ಶಾಯಿಯಲ್ಲಿ ಹಾಕುತ್ತಿದ್ದೆವಲ್ಲ, ಅಂಥದ್ದೇ. ಯಾರು ಹೇಳಿಕೊಟ್ಟರೋ ಕೇಳಲಿಲ್ಲ. ಮೂರನೆಯ ಗುರುತು ಬಿದ್ದ ಮೇಲೆ ಪಾನಾ ಕೆಳಗಿಟ್ಟು, ನನ್ನ ಕಡೆ ತಿರುಗಿ ನಕ್ಕ.

“ಸರ, ಈಗ ಮಾತಾಡ್ರಿ.”